ಮಳೆಗಾಲದ ‘ಮಿಸ್ಸಿಂಗ್’: ಪ್ಲಗ್ ಬದಲಿಸುವ ಮೊದಲು ಕ್ಯಾಪ್ ನೋಡಿ

ಮಾನ್ಯ ಸಂಪಾದಕರೆ,

ಜೂನ್ ಮಳೆ ಹಿಡಿದ ಮೇಲೆ ಕಾರವಾರದಿಂದ ಭಟ್ಕಳದವರೆಗೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಗ್ಯಾರೇಜಿನ ಬಾಗಿಲಲ್ಲಿ ಕೇಳಿಬರುವ ಮಾತು ಒಂದೇ: ‘ಗಾಡಿ ಮಿಸ್ಸಿಂಗ್ ಹೊಡೀತಾ ಇದೆ’, ಅಂದರೆ ಇಂಜಿನ್ ಓಡುತ್ತಲೇ ನಡುನಡುವೆ ಮುಗ್ಗರಿಸುತ್ತಿದೆ. ಅದಕ್ಕೆ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: ‘ಪ್ಲಗ್ ಹೋಗಿದೆ, ಹೊಸದು ಹಾಕುವಾ.’ ಹೊಸ ಪ್ಲಗ್ ಹಾಕಿದ ದಿನ ಗಾಡಿ ಚೆನ್ನಾಗಿಯೇ ಓಡುತ್ತದೆ. ನಾಲ್ಕು ದಿನ ಕಳೆದು ಜೋರು ಮಳೆ ಹೊಡೆದರೆ ಮತ್ತೆ ಅದೇ ರಾಗ. ಬೈಕಿನವರಿಗೆ ಇದು ಕಿರಿಕಿರಿ. ಕೊಳೆರೋಗದ ಔಷಧಿಯನ್ನು ಇಂಜಿನ್ ಸ್ಪ್ರೇಯರಿನಲ್ಲಿ ಹೊಡೆಯಲು ಎರಡು ದಿನದ ಬಿಸಿಲಿಗಾಗಿ ಕಾದು ಕೂತ ಅಡಿಕೆ ಬೆಳೆಗಾರರಿಗೆ ನಷ್ಟ. ಮೋಟಾರ್ ಹಾಕಿ ಅಳಿವೆ (ನದಿ ಕಡಲು ಸೇರುವ ಜಾಗ) ದಾಟುವ ನಾಡದೋಣಿಯವರಿಗೆ ಜೀವದ ಪ್ರಶ್ನೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು, ಹೊಸ ಪ್ಲಗ್ ಹಾಕಿದಾಗ ತೊಂದರೆ ತಾತ್ಕಾಲಿಕವಾಗಿ ಹೋಗುವುದು ಏಕೆ? ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಕಾಯಿಲ್‌ನಿಂದ ಬರುವ ಸಾವಿರಾರು ವೋಲ್ಟಿನ ಕರೆಂಟ್‌ಗೆ ಎರಡು ದಾರಿಗಳಿವೆ. ಒಂದು, ಪ್ಲಗ್‌ನ ತುದಿಯ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಗ್ಯಾಪ್ ಹಾರಿ, ಪೆಟ್ರೋಲ್ ಹೊತ್ತಿಸುವ ಕಿಡಿಯಾಗುವುದು. ಇನ್ನೊಂದು, ವೈರು, ಕ್ಯಾಪ್ (ವೈರನ್ನು ಪ್ಲಗ್‌ಗೆ ಸೇರಿಸುವ ಟೋಪಿ) ಅಥವಾ ಪ್ಲಗ್‌ನ ಪಿಂಗಾಣಿಯ ಮೇಲಿನ ಒದ್ದೆ ಜಾಗ ಹಿಡಿದು ಇಂಜಿನ್ನಿನ ಲೋಹಕ್ಕೆ ಸೋರಿಹೋಗುವುದು. ಯಾವುದು ಸುಲಭವೋ ಆ ದಾರಿ ಹಿಡಿಯುತ್ತದೆ. ಹೊಸ ಪ್ಲಗ್‌ನ ಎಲೆಕ್ಟ್ರೋಡ್ ಅಂಚು ಚೂಪಾಗಿರುತ್ತದೆ, ಗ್ಯಾಪ್ ಅಳತೆಯಲ್ಲಿರುತ್ತದೆ, ಹಾಗಾಗಿ ಕಡಿಮೆ ವೋಲ್ಟಿಗೇ ಕಿಡಿ ಹಾರುತ್ತದೆ. ಹೊರಗಿನ ಸೋರಿಕೆ ಇದ್ದಲ್ಲೇ ಇದ್ದರೂ ಗೆಲ್ಲುವುದು ಪ್ಲಗ್. ಅಂಚು ಸ್ವಲ್ಪ ಸವೆದು, ಗಾಳಿಯ ತೇವ ಹೆಚ್ಚಾದ ದಿನ ಸೋರಿಕೆ ಗೆಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಉಪ್ಪು ಬೇರೆ ಸೇರಿಕೊಂಡಿದೆ. ಸಮುದ್ರದ ಗಾಳಿಯಲ್ಲಿ ಬಂದು ಕೂತ ಉಪ್ಪು ತೇವ ಎಳೆದುಕೊಂಡು ರಬ್ಬರ್ ಮೇಲೂ ಪಿಂಗಾಣಿಯ ಮೇಲೂ ಕರೆಂಟ್ ಹರಿಯುವ ಪದರವಾಗುತ್ತದೆ. ಬೇಸಿಗೆಯಲ್ಲಿ ಇದು ಕಣ್ಣಿಗೂ ಬೀಳುವುದಿಲ್ಲ, ತೊಂದರೆಯನ್ನೂ ಕೊಡುವುದಿಲ್ಲ.

ಪ್ಲಗ್ ಬಿಚ್ಚಿ, ಹೆಡ್ಡಿಗೆ (ಪ್ಲಗ್ ಕೂರುವ ಸಿಲಿಂಡರಿನ ಮೇಲ್ಭಾಗಕ್ಕೆ) ತಾಗಿಸಿ, ಕಿಕ್ ಹೊಡೆದು ‘ನೋಡಿ, ಕರೆಂಟ್ ಬರ್ತಿದೆ, ಕಾಯಿಲ್ ಸರಿ ಇದೆ’ ಎನ್ನುವ ರೂಢಿ ಎಲ್ಲ ಕಡೆ ಇದೆ. ಈ ಪರೀಕ್ಷೆಯನ್ನು ನಂಬಬೇಡಿ. ಹೊರಗಿನ ಗಾಳಿಯಲ್ಲಿ 0.7 ಮಿ.ಮೀ. ಗ್ಯಾಪ್ ಹಾರಲು ಎರಡು ಮೂರು ಸಾವಿರ ವೋಲ್ಟ್ ಸಾಕು. ಸಿಲಿಂಡರ್ ಒಳಗೆ ಗಾಳಿ ಒತ್ತಿ ಹಿಡಿದಿರುವಾಗ, ಅದರಲ್ಲೂ ದೇವಿಮನೆ ಘಟ್ಟವನ್ನು ಇಬ್ಬರು ಕೂತು ಆ್ಯಕ್ಸಿಲರೇಟರ್ ಪೂರ್ತಿ ತಿರುವಿ ಹತ್ತುವಾಗ, ಅದೇ ಗ್ಯಾಪ್‌ಗೆ ಹತ್ತು ಸಾವಿರ ವೋಲ್ಟ್‌ಗಿಂತ ಹೆಚ್ಚು ಬೇಕಾಗಬಹುದು. ಕುಮಟಾ ಪೇಟೆಯಲ್ಲಿ ಸರಿ ಇದ್ದ ಗಾಡಿ ಘಟ್ಟದ ತಿರುವಿನಲ್ಲಿ ಕೆಮ್ಮುವುದು ಇದಕ್ಕೇ. ನೈಜ ಪರೀಕ್ಷೆಗೆ ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಬೇಕು. ಅದನ್ನು 6 ಮಿ.ಮೀ. ಅಗಲಕ್ಕೆ ಇಟ್ಟು ಕಿಕ್ ಹೊಡೆದಾಗ ದಪ್ಪನೆಯ ನೀಲಿ ಕಿಡಿ ‘ಟಕ್ ಟಕ್’ ಎಂದು ಬಿಡದೆ ಹಾರಿದರೆ ಕಾಯಿಲ್ ಗಟ್ಟಿ. ಕಿಡಿ ತೆಳುವಾಗಿ, ಹಳದಿ ಬಣ್ಣಕ್ಕೆ ತಿರುಗಿ, ನಡುನಡುವೆ ತಪ್ಪಿದರೆ ಕಾಯಿಲ್, ವೈರು, ಕ್ಯಾಪ್ ಮೂರರಲ್ಲೊಂದು ಸೋತಿದೆ. ಯಾವ ಪರೀಕ್ಷೆಯೇ ಇರಲಿ, ಅರ್ತ್, ಅಂದರೆ ಇಂಜಿನ್ನಿನ ಲೋಹಕ್ಕೆ ಇರುವ ಜೋಡಣೆ, ಭದ್ರವಾಗಿರಬೇಕು. ಕ್ಯಾಪನ್ನು ಗಾಳಿಯಲ್ಲಿ ನೇತಾಡಲು ಬಿಟ್ಟು ಕಿಕ್ ಹೊಡೆದರೆ ಕರೆಂಟ್‌ಗೆ ಹೋಗಲು ದಾರಿಯಿಲ್ಲದೆ ಕಾಯಿಲ್ ಅಥವಾ ಸಿಡಿಐ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಸುಡಬಹುದು. ಪ್ಲಗ್ ತೆಗೆದ ತೂತಿನಿಂದ ಪೆಟ್ರೋಲಿನ ಆವಿ ಬರುತ್ತಿರುವಾಗ ಅದರ ಬಾಯಲ್ಲೇ ಕಿಡಿ ಹಾರಿಸುವುದು ಬೆಂಕಿಯೊಡನೆ ಆಟ.

ಸೋರಿಕೆಯನ್ನು ಕಣ್ಣಾರೆ ನೋಡುವ ದಾರಿಯೂ ಇದೆ. ರಾತ್ರಿ, ಗಾಳಿಯಾಡುವ ಕತ್ತಲ ಜಾಗದಲ್ಲಿ ಇಂಜಿನ್ ಚಾಲೂ ಇಟ್ಟು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಕಾಯಿಲ್, ವೈರು, ಕ್ಯಾಪ್ ಮೇಲೆ ಮಂಜಿನಂತೆ ನೀರು ಬಿಡಿ. ಕೈಯಲ್ಲಿ ಏನನ್ನೂ ಮುಟ್ಟಬೇಡಿ. ಕ್ಯಾಪ್‌ನ ಬಿರುಕಿನಿಂದ ಹೆಡ್ಡಿನ ಫಿನ್‌ಗೆ ದಾರದೆಳೆಯಂಥ ನೀಲಿ ಕಿಡಿ ಹರಿದರೆ, ಅದೇ ಕ್ಷಣಕ್ಕೆ ಇಂಜಿನ್ ಮುಗ್ಗರಿಸಿದರೆ, ರೋಗ ಸಿಕ್ಕಿತು. ಪ್ಲಗ್ ತಪ್ಪಿಲ್ಲ.

ಕ್ಯಾಪ್ ಕೆಲಸ ಮನೆಯಲ್ಲೇ ಮಾಡಬಹುದು. ಇಂಜಿನ್ ನಿಲ್ಲಿಸಿ, ಕ್ಯಾಪ್ ಎಳೆದು, ಬುಡದ ರಬ್ಬರ್ ಬಗ್ಗಿಸಿ ನೋಡಿ. ಕೂದಲೆಳೆ ಬಿರುಕುಗಳು ಬಗ್ಗಿಸಿದಾಗಷ್ಟೇ ಕಾಣುತ್ತವೆ. ಒಳಗೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಇದ್ದರೆ ಅದು ಕರೆಂಟ್ ಹರಿದು ಸುಟ್ಟ ಹಾದಿ, ಒರೆಸಿದರೆ ಹೋಗುವುದಿಲ್ಲ, ಕ್ಯಾಪ್ ಬದಲಿಸಲೇಬೇಕು. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೂ ಅದಕ್ಕೆ ಜೋಡಿ ಗೆರೆ ಇರುತ್ತದೆ. ಹಾಗಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಒಂದನ್ನು ಉಳಿಸಿದರೆ ಅದು ಹೊಸದನ್ನೂ ಸುಡುತ್ತದೆ. ಆದರೆ ಪಿಂಗಾಣಿಯು ಲೋಹದ ಕವಚ ಸೇರುವಲ್ಲಿ ಸುತ್ತಲೂ ಕಂದು ಬಣ್ಣದ ಉಂಗುರ ಇದ್ದರೆ ಹೆದರಬೇಡಿ. ‘ಗ್ಯಾಸ್ ಲೀಕ್’ ಎಂದು ಹೇಳಿ ಅದಕ್ಕೇ ಪ್ಲಗ್ ಬದಲಿಸುವವರಿದ್ದಾರೆ. ಹೆಚ್ಚು ವೋಲ್ಟಿನ ಸುತ್ತ ಎಣ್ಣೆಯ ಸೂಕ್ಷ್ಮ ಕಣ ಅಂಟಿ ಬರುವ ಕಲೆ ಅದು. ಅದರಿಂದ ತೊಂದರೆ ಇಲ್ಲ.

ಹೆಚ್ಚಿನ ಹಳೆಯ ಬೈಕುಗಳಲ್ಲಿ, ಸ್ಪ್ರೇಯರ್ ಇಂಜಿನ್‌ಗಳಲ್ಲಿ ಕ್ಯಾಪ್ ಒಳಗೆ ಪ್ರತಿರೋಧಕ ಇರುತ್ತದೆ, ಸಾಮಾನ್ಯವಾಗಿ 5 ಕಿಲೋ ಓಮ್. ಮಲ್ಟಿಮೀಟರ್ ಇಟ್ಟಾಗ ಅಷ್ಟರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಅಥವಾ ಅಲುಗಾಡಿಸಿದಂತೆ ಅಂಕಿ ಕುಣಿದರೆ ಕ್ಯಾಪ್ ಮುಗಿದಿದೆ. ಅದನ್ನು ತಿರುಗಿಸಿ ವೈರಿನಿಂದ ಬಿಡಿಸಿ, ವೈರಿನ ತುದಿ ನೋಡಿ. ನಮ್ಮಲ್ಲಿ ತಾಮ್ರದ ಎಳೆ ಹಸಿರು ಪುಡಿಯಾಗಿರುವುದೇ ಹೆಚ್ಚು. ವೈರು ಉದ್ದವಿದ್ದರೆ 5–6 ಮಿ.ಮೀ. ಕತ್ತರಿಸಿ ಹೊಳೆಯುವ ತಾಮ್ರ ಕಂಡ ಮೇಲೆ ಕ್ಯಾಪನ್ನು, ಅದು ಮುಗಿದಿದ್ದರೆ ಹೊಸದನ್ನು, ತಿರುಪಿ. ಕ್ಯಾಪ್‌ನ ಬಾಯಿಯ ರಬ್ಬರ್ ಒಳಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗ್‌ಗೆ ಹಾಕುವ ಗ್ರೀಸ್ ಬೇಡ, ಅದರಿಂದ ರಬ್ಬರ್ ಉಬ್ಬುತ್ತದೆ. ಇಷ್ಟನ್ನು ಮೇ ತಿಂಗಳಲ್ಲೇ ಮಾಡಿಕೊಂಡರೆ ಮಳೆಗಾಲದ ಮಿಸ್ಸಿಂಗ್‌ನ ದೊಡ್ಡ ಪಾಲು ಹತ್ತಿರ ಸುಳಿಯುವುದಿಲ್ಲ. ಇನ್ನೊಂದು, ಪ್ಲಗ್ ಕೂರುವ ಗುಂಡಿಯಲ್ಲಿ ನೀರು ಹರಿದುಹೋಗಲು ಕೆಲವು ಇಂಜಿನ್‌ಗಳಲ್ಲಿ ಸಣ್ಣ ತೂತು ಇರುತ್ತದೆ. ನಮ್ಮ ಕೆಂಪು ಮಣ್ಣಿನ ಕೆಸರು ಅದನ್ನು ಮುಚ್ಚಿದರೆ ಪ್ಲಗ್ ನೀರಲ್ಲೇ ನಿಂತಿರುತ್ತದೆ. ತಂತಿ ಹಾಕಿ ಬಿಡಿಸಿಕೊಳ್ಳಿ.

ಪ್ಲಗ್ ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಇಂಜಿನ್ ಪೂರ್ತಿ ತಣಿಯಬೇಕು. ಬಿಸಿ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಬಲ ಹಾಕಿದರೆ ಥ್ರೆಡ್ ಕಿತ್ತು ಬರುತ್ತದೆ. ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯದೆ ಬಿಚ್ಚಿದರೆ ಆ ಹರಳು ನೇರ ಸಿಲಿಂಡರಿಗೆ ಬೀಳುತ್ತದೆ. ತಿರುಗಿ ಹಾಕುವಾಗ ಪಾನಾ ಹಿಡಿಯಬೇಡಿ. ಪ್ಲಗ್‌ನ ತಲೆಗೆ ಗೇಣುದ್ದದ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಪೈಪನ್ನೇ ಬೆರಳಿನಲ್ಲಿ ತಿರುಗಿಸಿ. ಥ್ರೆಡ್ ಅಡ್ಡ ಕಚ್ಚಿದರೆ ಪೈಪು ಜಾರುತ್ತದೆ, ಹೆಡ್ಡು ಉಳಿಯುತ್ತದೆ. ವಾಷರ್ ಇರುವ ಹೊಸ ಪ್ಲಗ್ ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಿಂದ ಅರ್ಧ ಸುತ್ತು, ಅದೇ ಹಳೆಯ ಪ್ಲಗ್ ತಿರುಗಿ ಹಾಕುವುದಾದರೆ ವಾಷರ್ ಈಗಾಗಲೇ ಚಪ್ಪಟೆಯಾಗಿರುವುದರಿಂದ ಹನ್ನೆರಡನೇ ಒಂದು ಸುತ್ತು, ಅಂದರೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟು. ಸಡಿಲ ಬಿಟ್ಟರೆ ಪ್ಲಗ್‌ನ ಬಿಸಿ ಹೆಡ್ಡಿಗೆ ಇಳಿಯದೆ ತುದಿ ಕರಗುವಷ್ಟು ಕಾಯುತ್ತದೆ.

ಕೈಗೆ ಬಂದ ಪ್ಲಗ್ ಇಂಜಿನ್ನಿನ ಒಳಗಿನ ಕಥೆಯನ್ನು ಹೇಳುತ್ತದೆ. ಮೂಗು, ಅಂದರೆ ನಡುವಿನ ಪಿಂಗಾಣಿ, ತೆಳು ಕಂದು ಅಥವಾ ಬೂದು ಬಣ್ಣವಾಗಿದ್ದರೆ ಒಳಗೆಲ್ಲ ಕ್ಷೇಮ. ಒಣ ಕಪ್ಪು ಮಸಿ, ಬೆರಳಿಗೆ ಕಾಡಿಗೆಯಂತೆ ಹತ್ತುವುದು, ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾದುದರ ಗುರುತು: ಏರ್ ಫಿಲ್ಟರ್ ಕಟ್ಟಿದೆ, ಚೋಕ್ ಪೂರ್ತಿ ಬಿಡುತ್ತಿಲ್ಲ. ಮಳೆಯಲ್ಲಿ ಒದ್ದೆಯಾದ ಕಾಗದದ ಫಿಲ್ಟರ್ ಅರ್ಧ ಮುಚ್ಚಿದ ಚೋಕ್ ಇದ್ದ ಹಾಗೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿಯೇ ಹತ್ತುತ್ತಿಲ್ಲ. ಎಣ್ಣೆಯ ಜಿಡ್ಡು ಮಿಂಚುತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಟೂ ಸ್ಟ್ರೋಕ್ ಆದರೆ ಆಯಿಲ್ ಹೆಚ್ಚಾಗಿದೆ. ಬೆಳ್ಳಗೆ ಸುಣ್ಣದಂತಾಗಿ ಗುಳ್ಳೆ ಎದ್ದಿದ್ದರೆ ಮಾತ್ರ ಗಾಡಿ ಓಡಿಸುವುದನ್ನು ನಿಲ್ಲಿಸಿ. ಎಲ್ಲಿಂದಲೋ ಹೆಚ್ಚು ಗಾಳಿ ಎಳೆಯುತ್ತಿದೆ, ಪಿಸ್ಟನ್ ಸುಡುವ ಮೊದಲು ಕಾರ್ಬ್ಯುರೇಟರ್ ಮತ್ತು ಹೆಡ್ಡಿನ ನಡುವಿನ ರಬ್ಬರ್ ಜೋಡಣೆ ನೋಡಬೇಕು. ಒಂದು ಎಚ್ಚರ: ಅರ್ಧ ತಾಸು ಐಡಲಿಂಗ್‌ನಲ್ಲಿ ನಿಂತ ಗಾಡಿಯ ಪ್ಲಗ್ ಸಾಮಾನ್ಯವಾಗಿ ಕಪ್ಪಾಗಿಯೇ ಇರುತ್ತದೆ. ನಾಲ್ಕೈದು ಕಿಲೋಮೀಟರ್ ಭಾರ ಎಳೆದು ಓಡಿ, ಓಟದಲ್ಲಿದ್ದಂತೆಯೇ ಕ್ಲಚ್ ಹಿಡಿದು, ಸುರಕ್ಷಿತ ಜಾಗದಲ್ಲಿ ಇಂಜಿನ್ ಆಫ್ ಮಾಡಿ, ತಣಿದ ಮೇಲೆ ಬಿಚ್ಚಿದ ಪ್ಲಗ್ ಮಾತ್ರ ನಿಜ ಹೇಳುತ್ತದೆ.

ಕಪ್ಪಾದ ಪ್ಲಗ್ ಇನ್ನೂ ಬಾಳುತ್ತದೆಯೋ ಎನ್ನುವುದಕ್ಕೆ ಮಲ್ಟಿಮೀಟರನ್ನು 20 ಮೆಗಾ ಓಮ್‌ಗೆ ಇಟ್ಟು ತಲೆಯಿಂದ ಕವಚಕ್ಕೆ ಅಳೆಯಿರಿ. 10 ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಮಸಿಯೇ ವೈರಿನಂತೆ ಕರೆಂಟ್ ಹರಿಸುತ್ತಿದೆ. ಪೆಟ್ರೋಲಿನಲ್ಲಿ ಅದ್ದಿ ನೈಲಾನ್ ಬ್ರಷ್ಷಿನಿಂದ ತೊಳೆದು, ಒಣಗಿಸಿ ಮತ್ತೆ ಅಳೆಯಿರಿ. ಒಲೆಯಲ್ಲಿ ಕಾಯಿಸುವ ಪದ್ಧತಿ ಬಿಡಿ, ಒಂದೇ ಬದಿ ಕಾದು ಪಿಂಗಾಣಿ ಒಳಗೊಳಗೇ ಸೀಳುತ್ತದೆ. ತಂತಿ ಬ್ರಷ್ ಪಿಂಗಾಣಿಯ ಮೇಲೆ ಲೋಹದ ಗೆರೆ ಬಿಡುತ್ತದೆ. ಗ್ಯಾಪ್ ಅಳೆಯಲು ಫೀಲರ್ ಗೇಜ್ (ಅಳತೆ ಬರೆದ ತೆಳು ತಗಡುಗಳ ಕಟ್ಟು) ಬೇಕು, ಬ್ಲೇಡಿನ ಅಂದಾಜು ಸಾಲದು. ಸ್ಪ್ರೇಯರ್‌ನ ಫೋರ್ ಸ್ಟ್ರೋಕ್ ಇಂಜಿನ್‌ಗೆ ಸಾಮಾನ್ಯವಾಗಿ 0.7–0.8, ಕಳೆ ಕತ್ತರಿಸುವ ಯಂತ್ರಕ್ಕೆ 0.6–0.7 ಮಿ.ಮೀ.; ನಿಮ್ಮ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಬಗ್ಗಿಸುವುದು ಬದಿಯ ಎಲೆಕ್ಟ್ರೋಡನ್ನು ಮಾತ್ರ. ಇರಿಡಿಯಂ ಪ್ಲಗ್‌ನ ಸೂಜಿ ಮೊನೆಯನ್ನು ಗೇಜಿನಿಂದ ಒತ್ತಲೂಬಾರದು.

ಕಪ್ಪಾಗುತ್ತದೆಂದು ಬೇರೆ ನಂಬರಿನ ಪ್ಲಗ್ ಹಾಕಿಸಿಕೊಳ್ಳುವುದು ಇನ್ನೊಂದು ಕೆಟ್ಟ ರೂಢಿ. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ನಂಬರ್ ಹೆಚ್ಚಿದಷ್ಟೂ ಪ್ಲಗ್ ತಂಪು, ಅಂದರೆ ತನ್ನ ಬಿಸಿಯನ್ನು ಬೇಗ ಹೆಡ್ಡಿಗೆ ಬಿಡುತ್ತದೆ. ಬಾಷ್‌ನಲ್ಲಿ ಉಲ್ಟಾ, ನಂಬರ್ ಹೆಚ್ಚಿದಷ್ಟೂ ಬಿಸಿ. ಇದು ತಿಳಿಯದೆ ಒಂದರ ಬದಲು ಇನ್ನೊಂದು ಹಾಕಿದರೆ ಪಿಸ್ಟನ್ನಿಗೇ ಕುತ್ತು.

ಮಿಸ್ಸಿಂಗ್ ಯಾವಾಗ ಬರುತ್ತದೆ ಎನ್ನುವುದನ್ನು ಗಮನಿಸಿ ಗ್ಯಾರೇಜಿಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಬೆಳಿಗ್ಗೆ ಹತ್ತು ನಿಮಿಷ ಕಾಡಿ, ಇಂಜಿನ್ ಬಿಸಿಯಾದೊಡನೆ ಮಾಯವಾದರೆ ಹೊರಗಿನ ತೇವ. ಐಡಲಿಂಗ್‌ನಲ್ಲಿ ಮುಗ್ಗರಿಸಿ ಓಟದಲ್ಲಿ ಸರಿಹೋದರೆ ಮಸಿ ಹಿಡಿದ ಪ್ಲಗ್, ಕಿರಿದಾದ ಗ್ಯಾಪ್, ಬಿಗಿಯಾದ ವಾಲ್ವ್ ಅಥವಾ ಗಾಳಿ ಸೋರಿಕೆ. ಏರಿನಲ್ಲಿ ಮಾತ್ರ ಬಂದರೆ ಅಗಲವಾದ ಗ್ಯಾಪ್, ಕ್ಯಾಪ್, ಸೋತ ಕಾಯಿಲ್. ಅರ್ಧ ತಾಸು ಓಡಿದ ಮೇಲೆ ಬಂದರೆ ಕಾಯಿಲ್ ಬಿಸಿಯಾಗಿ ಅದರ ಒಳಗಿನ ಜೋಡಣೆ ಬಿಡುತ್ತಿರಬಹುದು. ತಣ್ಣಗಿರುವಾಗ ಅಳೆದರೆ ಇದು ಸಿಗುವುದಿಲ್ಲ, ಕೆಟ್ಟ ಹೊತ್ತಿನಲ್ಲೇ ಟೆಸ್ಟರ್ ಹಾಕಬೇಕು. ಆದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ‘ಸುಂಯ್’ ಎಂದು ಗಾಳಿ ಎಳೆದು ಇಂಜಿನ್ ಸರಿಹೋದರೆ ಮುಚ್ಚಳದ ಗಾಳಿತೂತು ಕಟ್ಟಿದೆ ಅಷ್ಟೆ. ಪೆಟ್ರೋಲ್ ಸಾಲದಾದಾಗ ಇಂಜಿನ್ ಮೆಲ್ಲಗೆ ಸೊರಗುತ್ತದೆ, ಕರೆಂಟ್ ತಪ್ಪಿದಾಗ ಸ್ವಿಚ್ ಒತ್ತಿದಂತೆ ಪಟ್ಟನೆ ಕಡಿದು ಪಟ್ಟನೆ ಬರುತ್ತದೆ. ಈ ವ್ಯತ್ಯಾಸ ಕಿವಿಗೂ ಸೀಟಿಗೂ ಗೊತ್ತಾಗುತ್ತದೆ.

ಕಾರುಗಳ ವಿಷಯ ಬೇರೆ. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದಾಗ ಪಿ0301 ಎಂಬ ಕೋಡ್ ಬಂದರೆ ಮಿಸ್ಸಿಂಗ್ ಇರುವುದು ಒಂದನೇ ಸಿಲಿಂಡರಿನಲ್ಲಿ, ಪಿ0302 ಬಂದರೆ ಎರಡನೆಯದರಲ್ಲಿ. ಒಂದನೆಯದರ ಕಾಯಿಲನ್ನು ಎರಡಕ್ಕೆ ಹಾಕಿ ನೋಡಿ. ಕೋಡ್ ಅದರ ಹಿಂದೆ ಹೋದರೆ ಕಾಯಿಲ್ ಕೆಟ್ಟಿದೆ, ಇದ್ದಲ್ಲೇ ಉಳಿದರೆ ಪ್ಲಗ್, ಆಮೇಲೆ ಇಂಜೆಕ್ಟರ್ ನೋಡಿ. ಇಂಜಿನ್ ಲೈಟ್ ಮಿನುಗುತ್ತಿದ್ದರೆ ಹಾಗೇ ಓಡಿಸಬೇಡಿ, ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಇನ್ನು ಅಡಿಕೆ ತೋಟದ ಸ್ಪ್ರೇಯರ್. ವರ್ಷದಲ್ಲಿ ಎರಡು ಮೂರು ಸಲ ಕೊಳೆ ಔಷಧಿಗೆ ಓಡಿಸಿ, ಉಳಿದ ದಿನವೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ ಇಡುವ ಯಂತ್ರ ಇದು. ಹೊರಗೆ ಬೋರ್ಡೊ ದ್ರಾವಣದ ಮೈಲುತುತ್ತ ಚಿಮ್ಮಿ ಎಲ್ಲ ಜೋಡಣೆ ಹಸಿರಾಗಿರುತ್ತದೆ, ಒಳಗೆ ಕಾರ್ಬ್ಯುರೇಟರಿನಲ್ಲಿ ಹಳೆಯ ಪೆಟ್ರೋಲ್ ಅಂಟಾಗಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಸಮೇತ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಇಂಜಿನ್ ಮೊದಲು ಕುಡಿಯುವುದು ಅದನ್ನೇ. ಕಾರ್ಬ್ಯುರೇಟರಿನ ಬೌಲ್ ಬುಡದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಇಳಿಸಿ ಐದು ನಿಮಿಷ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು, ಪ್ಲಗ್ ಬದಲಿಸಿ ಪ್ರಯೋಜನ ಇಲ್ಲ. ಸೀಸನ್ ಮುಗಿದೊಡನೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟರೆ ಇದಾವುದೂ ಇಲ್ಲ.

ಸ್ಪ್ರೇಯರಿನಲ್ಲಿ ಮೋಸ ಮಾಡುವ ಎರಡು ಸಂಗತಿಗಳನ್ನು ಮೆಕ್ಯಾನಿಕರೂ ಮರೆಯುತ್ತಾರೆ. ಒಂದು, ಆಯಿಲ್ ಕಡಿಮೆಯಾದಾಗ ಕಿಡಿ ಕಡಿಯುವ ಸ್ವಿಚ್. ತೋಟದ ಇಳಿಜಾರಿನಲ್ಲಿ ಯಂತ್ರ ವಾಲಿ ಕೂತರೆ ಆಯಿಲ್ ಒಂದು ಬದಿಗೆ ಸರಿದು, ಮಟ್ಟ ಸರಿಯಿದ್ದರೂ ಅದು ಇಂಜಿನ್ ನಿಲ್ಲಿಸುತ್ತದೆ. ಸಮತಟ್ಟಾಗಿ ಇಟ್ಟು ನೋಡಿ. ಎರಡು, ಆಫ್ ಸ್ವಿಚ್ಚಿನ ವೈರು. ಅದರ ಪ್ಲಾಸ್ಟಿಕ್ ಉಜ್ಜಿಹೋಗಿ ಲೋಹಕ್ಕೆ ತಾಗಿದರೆ ನಡುಕಕ್ಕೆ ತಕ್ಕಂತೆ ಕಿಡಿ ತಪ್ಪುತ್ತದೆ. ಆ ವೈರನ್ನು ಬಿಡಿಸಿ ಓಡಿಸಿದಾಗ ಸರಿಹೋದರೆ ತಪ್ಪು ಅಲ್ಲೇ. ಆಗ ನಿಲ್ಲಿಸಲು ಚೋಕ್ ಪೂರ್ತಿ ಎಳೆಯಬೇಕು. ತುಕ್ಕು ಹಿಡಿದ ಫ್ಲೈವೀಲ್ ಮ್ಯಾಗ್ನೆಟನ್ನು ನುಣುಪು ಎಮರಿ ಕಾಗದದಿಂದ ಉಜ್ಜಿ, ಕಾಯಿಲ್ ಮತ್ತು ಅದರ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಸರಿಯುವಷ್ಟು, ಸುಮಾರು 0.3–0.4 ಮಿ.ಮೀ., ಜಾಗ ಬಿಟ್ಟು ಬಿಗಿಯಿರಿ. ಕಳೆ ಕತ್ತರಿಸುವ ಟೂ ಸ್ಟ್ರೋಕ್ ಯಂತ್ರಕ್ಕೆ ಕಂಪನಿ ಪೆಟ್ರೋಲ್–ಆಯಿಲ್ ಪ್ರಮಾಣ 50:1 ಎಂದು ಹೇಳಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25:1 ಆದರೆ 40 ಮಿ.ಲೀ. ಆಯಿಲ್. ‘ಇರಲಿ, ಒಳ್ಳೇದು’ ಎಂದು ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವುದೇ ಪ್ಲಗ್‌ನ ಗ್ಯಾಪ್‌ಗೆ ಮಸಿಯ ಸೇತುವೆ ಕಟ್ಟುವುದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇದ್ದರೂ 10 ಅಶ್ವಶಕ್ತಿಯೊಳಗಿನ ಮೋಟಾರಿನ ನಾಡದೋಣಿಗಳು ಕಡಲಿಗಿಳಿಯುತ್ತವೆ. ಅಘನಾಶಿನಿ, ಶರಾವತಿಯ ಅಳಿವೆಯಲ್ಲಿ ತೆರೆ ಒಡೆಯುವ ಜಾಗ ದಾಟುವುದು ಕೆಲವೇ ನಿಮಿಷದ ಕೆಲಸ. ಆ ಹೊತ್ತಿಗೆ ಮೋಟಾರ್ ಪೂರ್ತಿ ಬಲದಲ್ಲಿರಬೇಕು, ಪೂರ್ತಿ ಬಲದಲ್ಲೇ ಸೋತ ಕಾಯಿಲ್ ಕೈಕೊಡುವುದು. ಸೀಮೆಎಣ್ಣೆ ಮೋಟಾರುಗಳನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಎಲ್ಲರಿಗೂ ಗೊತ್ತು. ದಡ ಸೇರುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಕೆಲವು ನಿಮಿಷ ಓಡಿಸಿ ನಿಲ್ಲಿಸುವುದನ್ನು ಬಿಟ್ಟುಬಿಡುತ್ತಾರೆ. ಕಾರ್ಬ್ಯುರೇಟರಿನಲ್ಲಿ ಉಳಿದ ಸೀಮೆಎಣ್ಣೆ ಮರುದಿನ ತಣ್ಣಗಿನ ಪ್ಲಗ್‌ಗಳನ್ನು ತೋಯಿಸುತ್ತದೆ. ಎರಡು ಸಿಲಿಂಡರಿನದಾದರೆ ದಡದಲ್ಲೇ ಪ್ಲಗ್‌ಗಳನ್ನು ಅದಲುಬದಲು ಮಾಡಿ ನೋಡಿ. ತೊಂದರೆ ಪ್ಲಗ್ ಜೊತೆ ಇನ್ನೊಂದು ಸಿಲಿಂಡರಿಗೆ ಹೋದರೆ ಪ್ಲಗ್, ಹೋಗದಿದ್ದರೆ ಕಾಯಿಲ್ ಅಥವಾ ಕ್ಯಾಪ್. ಕೈಗೆ ಕಟ್ಟುವ ಹಗ್ಗದ ಸ್ಟಾಪ್ ಸ್ವಿಚ್ ಉಪ್ಪು ಹಿಡಿದು ಒಳಗೇ ಶಾರ್ಟ್ ಆಗುವುದೂ ಇದೆ. ಗ್ಯಾಪ್ ಹೊಂದಿಸಿದ ಒಂದು ಜೊತೆ ಪ್ಲಗ್, ಒಂದು ಪಾನಾ, ಒಣ ಬಟ್ಟೆ, ಇವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಟ್ಟುಕೊಳ್ಳಬೇಕು.

ಶಿರಸಿಯ ಕೃಷಿ ವಿಜ್ಞಾನ ಕೇಂದ್ರ, ತಾಲೂಕುಗಳ ಸರ್ಕಾರಿ ಐಟಿಐಗಳು, ಮೀನುಗಾರರ ಸಹಕಾರಿ ಸಂಘಗಳು ಸೇರಿ ಪ್ರತಿವರ್ಷ ಮೇ ಮೂರನೇ ವಾರದಲ್ಲಿ ಒಂದು ದಿನದ ತಪಾಸಣೆ ಇಟ್ಟುಕೊಂಡರೆ ಸಾಕು. ಒಂದು ಸ್ಪಾರ್ಕ್ ಟೆಸ್ಟರ್, ಮಲ್ಟಿಮೀಟರ್, ಫೀಲರ್ ಗೇಜ್, ಒಂದು ಡಬ್ಬಿ ಸಿಲಿಕೋನ್ ಗ್ರೀಸ್ ಇದ್ದರೆ ಐಟಿಐ ಹುಡುಗರೇ ಒಂದು ಇಂಜಿನ್ನನ್ನು ಕಾಲು ತಾಸಿನಲ್ಲಿ ನೋಡಿ ಮುಗಿಸಬಹುದು, ಅವರಿಗೂ ಕೈಕೆಲಸ ಸಿಗುತ್ತದೆ. ಗ್ಯಾರೇಜಿನವರಲ್ಲಿ ಒಂದೇ ವಿನಂತಿ: ಪ್ಲಗ್ ಬದಲಿಸಿದರೆ ಹಳೆಯದನ್ನು ಒರೆಸದೆ ಹಾಗೆಯೇ ಗಿರಾಕಿಯ ಕೈಗೆ ಕೊಡಿ, ಜೊತೆಗೆ ಕ್ಯಾಪ್ ಅಳೆದಾಗ ಎಷ್ಟು ಬಂತು ಎಂದು ಬಿಲ್ಲಿನ ಮೇಲೆ ಬರೆಯಿರಿ.

ಇತಿ,
ಒಬ್ಬ ಓದುಗ, ಕುಮಟಾ